ಗಡುವು ಮೀರಿದ ಚೀಟಿ

ಜೂನ್ ೯

ಪುಟ್ಟಿ,

ಫೋನ್ ಮಾಡಿದಾಗಲೆಲ್ಲ ನಿನ್ನ ಚಿಕ್ಕಮ್ಮನೇ ಎತ್ತುತ್ತಾಳೆ. "ಅವಳು ಇಸ್ತ್ರಿ ಹಾಕ್ತಾ ಇದ್ದಾಳೆ ಭಾವ, ಕೈ ಖಾಲಿ ಇಲ್ಲ" ಅನ್ನುತ್ತಾಳೆ. ಹಿಂದಿನಿಂದ ನೀನು ಕೆಮ್ಮಿದ್ದು ಕೇಳಿಸುತ್ತದೆ. ನಿನ್ನ ಕೆಮ್ಮು ನನಗೆ ಗೊತ್ತಾಗುವುದಿಲ್ಲವೇ? ಮಾತು ಬೇಡವಾದರೆ ಬೇಡ, ಕಾಗದ ಬರೆಯುತ್ತೇನೆ. ಕಾಗದವನ್ನು ಚಿಕ್ಕಮ್ಮನ ಕೈಲಿ ಎತ್ತಿಸಿ ಜಾರಿಕೊಳ್ಳಲಾಗುವುದಿಲ್ಲ.

ಇಲ್ಲಿ ಶಾಲೆ ಶುರುವಾಯಿತು. ಹತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರನ್ನೂ ಸೇರಿಸಿದ್ದೇನೆ. ದಿನಾ ಬೆಳಿಗ್ಗೆ ಕೂಗುತ್ತೇನೆ, ದಿನಾ ಗೈರುಹಾಜರಿ ಹಾಕುತ್ತೇನೆ. ಸೆಪ್ಟೆಂಬರ್ ಕೊನೆಯವರೆಗೆ ಸೇರಿಕೊಳ್ಳಬಹುದು ಎಂದು ಹೆಡ್‌ಮೇಡಂ ಹೇಳಿದ್ದಾರೆ. ಆಮೇಲೆ ಹೆಸರು ಹೊಡೆದುಹಾಕಲೇಬೇಕಂತೆ.

"ಅಪ್ಪನೇ ಫೇಲ್ ಮಾಡಿದ ಮಗಳು ಅನ್ನಿಸ್ಕೊಂಡು ಅದೇ ಬೆಂಚಲ್ಲಿ ಇನ್ನೊಂದು ವರ್ಷ ಕೂರಲ್ಲ" ಎಂದು ಹೇಳಿ ನೀನು ಬಸ್ಸು ಹತ್ತಿದೆ. ನಾನು ಫೇಲ್ ಮಾಡಲಿಲ್ಲ ಪುಟ್ಟಿ. ಲೆಕ್ಕ ಬಿಡಿಸುವ ಮೊದಲು ಕೊಟ್ಟಿರುವುದನ್ನು ಬರೆದುಕೊಳ್ಳಬೇಕು ಎಂದು ನಿನಗೆ ಕಲಿಸಿದವನು ನಾನೇ ತಾನೆ. ಕೊಟ್ಟಿರುವುದು ಇಷ್ಟು. ನಮ್ಮ ಶಾಲೆಯಲ್ಲಿ ನೂರರಲ್ಲಿ ಮೂವತ್ತು ಅಂಕ ಹೋಮ್‌ವರ್ಕಿಗೆ. ಅದರಲ್ಲಿ ಬೇರೆಯಾಗಿಯೇ ಪಾಸಾಗಬೇಕು. ಗಡುವು ಮೀರಿದರೆ ಸೊನ್ನೆ. ಮನೆಯಲ್ಲಿ ತೊಂದರೆಯಿದ್ದರೆ ಗಡುವಿಗೆ ಮೊದಲು ತಂದೆಯೋ ತಾಯಿಯೋ ಮೇಷ್ಟ್ರಿಗೆ ಚೀಟಿ ಬರೆದುಕೊಡಬೇಕು. ಆಮೇಲೆ ಯಾವ ಕಾರಣವನ್ನೂ ಕೇಳುವುದಿಲ್ಲ. ಅಮ್ಮನ ಆಪರೇಷನ್ ಆದ ಟರ್ಮಿನಲ್ಲಿ ನೀನು ಒಂದು ಹೋಮ್‌ವರ್ಕನ್ನೂ ಒಪ್ಪಿಸಲಿಲ್ಲ. ಪರೀಕ್ಷೆಯಲ್ಲಿ ಎಪ್ಪತ್ತಕ್ಕೆ ಅರವತ್ತಾರು ತೆಗೆದೆ. ನಾನು ತಿದ್ದಿದ ಉತ್ತರ ಪತ್ರಿಕೆಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ಆದರೆ ಹೋಮ್‌ವರ್ಕಿನಲ್ಲಿ ಪಾಸಾಗಲಿಲ್ಲ. ಇಷ್ಟು ಕೊಟ್ಟ ಮೇಲೆ ಬೇರೆ ಉತ್ತರ ಎಲ್ಲಿಂದ ಬರಬೇಕು?

ಈ ನಿಯಮ ಯಾಕೆ ಬಂತೆಂದೂ ನಿನಗೆ ಗೊತ್ತು. ಮೊದಲೆಲ್ಲ ಅಂಕಪಟ್ಟಿ ಹಾಕಿದ ಮರುದಿನ ಕಾರಿನಲ್ಲಿ ಬರುವ ಅಪ್ಪಂದಿರು ಡಾಕ್ಟರ ಸರ್ಟಿಫಿಕೇಟ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಜ್ವರ ಅವರ ಮಕ್ಕಳಿಗೆ ಮಾತ್ರ ಬರುತ್ತಿತ್ತು. ಲಾರಿ ಓಡಿಸುವವನ ಮಗುವಿಗೆ ಬಂದರೆ ಹೇಳುವವರೇ ಇರಲಿಲ್ಲ. ಶಾಲೆಯ ಸಮಿತಿಯಲ್ಲಿ ಹಟ ಹಿಡಿದು ನಾನು ತಂದ ನಿಯಮ ಅದು. ನನ್ನ ಮಗಳಿಗೇ ಸಡಿಲ ಮಾಡಿದ್ದರೆ ಯಾವ ಮುಖ ಇಟ್ಟುಕೊಂಡು ತರಗತಿಗೆ ಹೋಗಲಿ?

ಬಂದುಬಿಡು. ಒಂದು ವರ್ಷ ಏನೂ ದೊಡ್ಡದಲ್ಲ.

ನಿನ್ನ ಅಪ್ಪ

ಅಮ್ಮ ಬರೀತಿರೋದು: ನಾನು ಹುಷಾರಾಗಿದ್ದೀನಿ. ಹೊಲಿಗೆ ಯಂತ್ರ ತುಳೀಬಹುದು, ಭಾರ ಎತ್ತಬಾರದು ಅಂದಿದ್ದಾರೆ ಡಾಕ್ಟರು. ಯೂನಿಫಾರಂ ರಾಶಿ ಬಿದ್ದಿದೆ. ನಿಮ್ಮಪ್ಪ ಈ ಕಾಗದಾನ ಚಿತ್ತಿಲ್ಲದ ಹಾಗೆ ಮತ್ತೆ ಮತ್ತೆ ಬರೆದ್ರು, ಅದಕ್ಕೇ ಪಾಠದ ಪುಸ್ತಕದ ಥರಾ ಇದೆ. ಬೇಜಾರು ಮಾಡ್ಕೋಬೇಡ. ಕೆಮ್ಮಿಗೆ ಬಿಸಿನೀರು ಕುಡಿ.


ಜೂನ್ ೨೭

ಅಪ್ಪಾ,

ಕಾಗದ ನಾನೇ ಒಡೆದೆ. ಚಿಕ್ಕಮ್ಮ ಪಕ್ಕದಲ್ಲೇ ನಿಂತು "ಏನಂತಾರೆ ಭಾವ?" ಎಂದು ಕೇಳಿದಳು. "ಲೆಕ್ಕ ಕೊಟ್ಟಿದ್ದಾರೆ" ಅಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಕೊಟ್ಟಿರುವುದನ್ನೆಲ್ಲ ಸರಿಯಾಗಿ ಬರೆದಿದ್ದೀರಿ. ಒಂದು ಸಾಲನ್ನು ಮಾತ್ರ ಬರೆದೂ ಕಾಣದ ಹಾಗೆ ದಾಟಿಹೋಗಿದ್ದೀರಿ. "ತಂದೆಯೋ ತಾಯಿಯೋ ಮೇಷ್ಟ್ರಿಗೆ ಚೀಟಿ ಬರೆದುಕೊಡಬೇಕು." ತಾಯಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಳು. ತಂದೆ ಯಾರು? ಮೇಷ್ಟ್ರು ಯಾರು? ಒಂದೇ ಕುರ್ಚಿಯಲ್ಲಿ ಕೂತು ಒಂದೇ ಲೋಟದಲ್ಲಿ ಕಾಫಿ ಕುಡಿಯುವವರು. ಆ ಚೀಟಿ ನಿಮ್ಮ ಎಡಗೈಯಿಂದ ಬಲಗೈಗೆ ಬರಬೇಕಿತ್ತು, ಅಷ್ಟೇ.

ನೀವು ಬರೆದೇ ಬರೆದಿರುತ್ತೀರಿ ಅಂದುಕೊಂಡಿದ್ದೆ. ವಾರ್ಡಿನ ನರ್ಸಕ್ಕ "ನಿಂಗೆ ಓದೋದು ಬರೆಯೋದು ಏನೂ ಇಲ್ವೇನೇ?" ಎಂದು ಕೇಳಿದಾಗ, "ನಮ್ಮಪ್ಪನೇ ಮೇಷ್ಟ್ರು, ಅವರಿಗೆ ಎಲ್ಲಾ ಗೊತ್ತು" ಎಂದು ಜಂಬ ಕೊಚ್ಚಿಕೊಂಡಿದ್ದೆ. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಇಲ್ಲಿ ನನಗೆ ಚೆನ್ನಾಗಿದೆ. ಚಿಕ್ಕಮ್ಮನ ಇಸ್ತ್ರಿ ಅಂಗಡಿಗೆ ಬೆಳಿಗ್ಗೆ ಬಂದ ಬಟ್ಟೆಗಳಿಗೆ ನಂಬರು ಪಿನ್ನು ಮಾಡುತ್ತೇನೆ, ಮಧ್ಯಾಹ್ನ ಇಸ್ತ್ರಿ. ಅಂಗಿಗೆ ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ತಪ್ಪಿದರೆ ನೀರು ಚಿಮುಕಿಸಿ ಇನ್ನೊಂದು ಸಲ ಒತ್ತಿದರಾಯಿತು. ಮೊದಲನೇ ಸಲ ಸುಕ್ಕಾಗಿತ್ತು ಎಂದು ಯಾರೂ ಅಂಕ ಕಳೆಯುವುದಿಲ್ಲ.

ಹಾಜರಿಯಲ್ಲಿ ನನ್ನ ಹೆಸರು ಕೂಗಬೇಡಿ. ನೀವು ಕೂಗಿದಾಗ ಉಳಿದವರು ಹೇಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ ಎಂದು ಇಲ್ಲಿಂದಲೇ ಕಾಣುತ್ತದೆ ನನಗೆ.

ಪುಟ್ಟಿ

ಅಮ್ಮಂಗೆ: ಕೆಮ್ಮು ಹೋಯ್ತು. ನೀನು ಬಕೆಟ್ಟು ಎತ್ತಬೇಡ.


ಜುಲೈ ೧೮

ಪುಟ್ಟಿ,

ನಿನ್ನ ಕಾಗದ ಓದಿ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಉತ್ತರ ಬರೆದೆ. ಅಮ್ಮ ಓದಿ, ಹರಿದು, ಬಟ್ಟೆ ಚೂರುಗಳ ಜೊತೆ ಗುಡಿಸಿಹಾಕಿದಳು. "ಇದನ್ನ ಕಳಿಸಿದ್ರೆ ನನ್ನ ಮಗಳು ಇನ್ನೂ ದೂರದ ಊರಿಗೆ ಹೋಗ್ತಾಳೆ" ಅಂದಳು. ಈಗ ಬರೆಯುತ್ತಿರುವುದು ಸಿಟ್ಟು ಇಳಿದ ಮೇಲೆ.

ಚೀಟಿ ಬರೆಯಲು ನಾನು ಕೂತಿದ್ದೆ. ನಿನಗೆ ಹೇಳಿರಲಿಲ್ಲ. ಸ್ಟಾಫ್‌ರೂಮಿನಲ್ಲಿ ಹಾಳೆ ತೆಗೆದು "ಇವರಿಗೆ: ಗಣಿತ ಮೇಷ್ಟ್ರು" ಎಂದು ಬರೆದೆ. "ಇವರಿಂದ" ಎನ್ನುವಲ್ಲಿ ಪೆನ್ನು ನಿಂತಿತು. ನಾನೇ ಬರೆದು, ನಾನೇ ಇಸಿದುಕೊಂಡು, ನಾನೇ 'ಒಪ್ಪಿದೆ' ಎಂದು ಸಹಿ ಹಾಕಬೇಕು. ಪಕ್ಕದ ಕುರ್ಚಿಯ ವಿಜ್ಞಾನದ ಮೇಷ್ಟ್ರು ಇಣುಕಿ ನೋಡಿ, "ಏನ್ರೀ ಇದು, ನಿಮಗೆ ನೀವೇ ಅರ್ಜಿ ಹಾಕ್ಕೋತಿದ್ದೀರಾ?" ಎಂದು ನಕ್ಕರು. ಮುದುರಿ ಬುಟ್ಟಿಗೆ ಹಾಕಿದೆ. ಬೇರೆ ಮಕ್ಕಳ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಪ್ಪುವವನು ನನ್ನ ಚೀಟಿಯನ್ನು ಕಣ್ಣು ಮುಚ್ಚಿ ಒಪ್ಪಲೇ? ಎರಡು ಲೆಕ್ಕ ಮಾಡಿ ತಂದರೂ ಸಾಕು, ತರುತ್ತೀಯ ಎಂದು ಕಾದೆ. ನೀನು ನನ್ನ ಚೀಟಿಗೆ ಕಾದೆ, ನಾನು ನಿನ್ನ ಲೆಕ್ಕಕ್ಕೆ ಕಾದೆ, ಗಡುವು ಇಬ್ಬರಿಗೂ ಕಾಯಲಿಲ್ಲ.

ಮಾಡಿದ್ದು ತಪ್ಪು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ಬೇಸರವಂತೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ಜಾಗದಲ್ಲಿ ಈಗ ಗುಂಗುರು ಕೂರುತ್ತಾಳೆ. ಅದೇ, ಕೆಳಗಿನ ಬೀದಿಯ ಗುಂಗುರು ಕೂದಲಿನ ಹುಡುಗಿ, ಅಮ್ಮನ ಹತ್ತಿರ ಸ್ಕರ್ಟಿನ ಅಂಚು ಬಿಚ್ಚಿಸಿ ಉದ್ದ ಮಾಡಿಸಿಕೊಳ್ಳಲು ಬರುತ್ತಿದ್ದಳಲ್ಲ. ಬೋರ್ಡಿನ ಮುಂದೆ ನಿಲ್ಲಿಸಿದರೆ ನಿನ್ನಷ್ಟೇ ಚುರುಕು. ಹೋಮ್‌ವರ್ಕ್ ಮಾತ್ರ ತರುವುದಿಲ್ಲ. ಅವಳ ತಾಯಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ನೆಲ ಒರೆಸುತ್ತಾಳೆ. ಅಪ್ಪ ಇಲ್ಲ. ಸಂಜೆಯಾದರೆ ಅಡುಗೆ, ಕೈಗೂಸು ಎರಡೂ ಇವಳ ಪಾಲಿಗೆ. ಚೀಟಿ ತಾ ಅಂದೆ. "ಅಮ್ಮಂಗೆ ಬರೆಯೋಕೆ ಬರಲ್ಲ ಸಾರ್. ನಾನೇ ಬರ್ಕೊಂಡು ಬರ್ಲಾ? ಅಮ್ಮ ಹೆಬ್ಬೆಟ್ಟು ಒತ್ತುತ್ತೆ" ಅಂದಳು. ತಂದೆ ಅಥವಾ ತಾಯಿ ಬರೆಯಬೇಕು ಎಂದಿದೆ ನಿಯಮದಲ್ಲಿ. ಹಾಗೆಂದು ಹೇಳಿದೆ. "ಸರಿ ಸಾರ್" ಎಂದು ಹೋಗಿ ಕೂತಳು. ಜಗಳವಾಡಿದ್ದರೆ ಚೆನ್ನಾಗಿತ್ತು.

ಅಪ್ಪ


ಆಗಸ್ಟ್ ೫

ಅಪ್ಪಾ,

ಇವತ್ತು ಒಂದು ವಿಷಯಕ್ಕೆ ನನಗೇ ಭಯವಾಯಿತು. ಚಿಕ್ಕಮ್ಮ ಮಡಿಸಿಟ್ಟ ಅಂಗಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದರ ತೋಳಿನಲ್ಲಿ ಎರಡು ಗೆರೆ ಬಿದ್ದಿತ್ತು. "ಇದು ಆಗಲ್ಲ, ಇನ್ನೊಂದ್ಸಲ ಮಾಡು" ಎಂದು ಅವಳ ಮುಂದೆ ಎಸೆದೆ. ಅಂಗಡಿ ಅವಳದು, ನಾನು ಉಣ್ಣುವ ಅನ್ನ ಅವಳದು. ಅವಳು ಕೋಪ ಮಾಡಿಕೊಳ್ಳಲಿಲ್ಲ. "ಒಂದು ಗೆರೆಗೆ ಇಷ್ಟು ಹಾರಾಡ್ತೀಯಲ್ಲೇ ದೊಡ್ಡ ಮೇಷ್ಟ್ರೇ" ಎಂದು ಅಂಗಿ ಎತ್ತಿಕೊಂಡಳು. ನಾನು ನಿಮ್ಮ ಮಗಳು ಎನ್ನುವುದೇ ದೊಡ್ಡ ಕಷ್ಟ.

ಗುಂಗುರುವಿನ ವಿಷಯ. ನಿಮ್ಮ ನಿಯಮ ಕಾರಿನಲ್ಲಿ ಬರುವ ಅಪ್ಪಂದಿರನ್ನು ತಡೆಯುತ್ತದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಅವರು ನಿಂತುಹೋಗಿದ್ದಾರೆಯೇ? ಮುಂಚೆ ಗಡುವು ಮುಗಿದ ಮೇಲೆ ಬರುತ್ತಿದ್ದರು, ಈಗ ಗಡುವಿಗೆ ಮೊದಲೇ ಟೈಪ್ ಮಾಡಿಸಿದ ಚೀಟಿ ಕಳಿಸುತ್ತಾರೆ. ನಾನು ನಿಮ್ಮ ಮೇಜಿನ ಮೇಲೆ ನೋಡಿದ್ದೇನೆ. ಬರೆಯಲು ಬರದವರು ಮಾತ್ರ ಮುಂಚೆಯೂ ಹೊರಗೆ, ಈಗಲೂ ಹೊರಗೆ.

ಅವಳು "ಸರಿ ಸಾರ್" ಅಂದದ್ದು ಒಪ್ಪಿಗೆಯಿಂದಲ್ಲ ಅಪ್ಪಾ. ಮನೆಗೆ ಹೋಗಿ ಮಗುವಿಗೆ ಹಾಲು ಕಾಯಿಸಬೇಕಲ್ಲ, ಜಗಳವಾಡಲು ಹೊತ್ತೆಲ್ಲಿದೆ ಅವಳಿಗೆ?

ನನ್ನದು ಹೇಗೂ ಆಗಿಹೋಯಿತು. ನಾನು ಸೆಪ್ಟೆಂಬರಿಗೂ ಬರುವುದಿಲ್ಲ, ದಾರಿ ನೋಡಬೇಡಿ. ಆದರೆ ಅವಳಿಗೆ ಸೊನ್ನೆ ಹಾಕಬೇಡಿ. ನಿಮ್ಮನ್ನು ನಾನು ಏನನ್ನೂ ಕೇಳಿದವಳಲ್ಲ. ಇದೊಂದನ್ನು ಕೇಳುತ್ತಿದ್ದೇನೆ.

ಪುಟ್ಟಿ


ಸೆಪ್ಟೆಂಬರ್ ೩೦

ಕೂಸೇ,

ಇದು ನಿಮ್ಮಪ್ಪಂಗೆ ಗೊತ್ತಿಲ್ಲದೆ ಬರೀತಿರೋದು. ನನ್ನ ಅಕ್ಷರ ನೋಡಿ ನಗಬೇಡ, ಸೂಜಿ ಹಿಡಿಯೋ ಕೈಗೆ ಪೆನ್ನು ಜಾರುತ್ತೆ.

ಇವತ್ತು ನಿನ್ನ ಹೆಸರು ಹೊಡೆದುಹಾಕಿ ಬಂದ್ರು. ಬಂದೋರು ಶೂ ಕೂಡ ಬಿಚ್ಚದೆ ಬಾಗಿಲ ಹತ್ರಾನೇ ಕೂತ್ಬಿಟ್ರು. ನಾನು ಒಂದು ಜೊತೆ ಕಾಲರ್ ಹೊಲಿದು ಮುಗಿಸಿದ್ರೂ ಅಲ್ಲಿಂದ ಏಳಲಿಲ್ಲ. "ಬರ್ತಾಳೆ ಅಂತಿದ್ದೆ" ಅಂದ್ರು.

ಗುಂಗುರುಗೆ ಮೊದಲನೇ ಟರ್ಮಲ್ಲಿ ಸೊನ್ನೆ ಬಂತು. ಇವರೇ ಹಾಕಿದ್ರು. ನೀನು ಬರೆದಿದ್ದನ್ನ ಓದಿ ಎರಡು ದಿನ ಊಟ ಸೇರದೆ ಓಡಾಡಿದ್ರು, ಆಮೇಲೆ ಹಾಕಿದ್ರು. ಆ ಹುಡುಗಿ ಸ್ಕರ್ಟು ತಗೊಂಡು ಹೋಗೋಕೆ ಬಂದಿತ್ತು. ಇವರು ಒಳಗೆ ಇದ್ದಿದ್ದು ನೋಡಿ, ಒಳಗೆ ಬರದೆ ಮೆಟ್ಟಿಲ ಮೇಲೇ ನಿಂತ್ಕೊಂಡ್ತು, ಕಣ್ಣೆಲ್ಲ ಕೆಂಪು. ಅದು ಹೋದ ಮೇಲೆ ನಂಗೆ ತಡೆಯೋಕಾಗಲಿಲ್ಲ. "ನೀವು ಸರೀನೇ ಇರಬಹುದು ರೀ. ಆದ್ರೆ ನಿಮ್ಮ ಸುತ್ತ ಇರೋ ಹೆಣ್ಣುಮಕ್ಕಳೆಲ್ಲ ಯಾಕೆ ಅಳ್ತಾರೆ?" ಅಂದುಬಿಟ್ಟೆ. ಮದುವೆಯಾದಾಗಿನಿಂದ ಇವರು ಉತ್ತರ ಕೊಡದೇ ಇದ್ದ ಪ್ರಶ್ನೆ ಅದೊಂದೇ.

ಇನ್ನೊಂದು ಮಾತು. ಆಪರೇಷನ್ ಆದ ದಿನದ್ದು ನಂಗೇನೂ ನೆನಪಿಲ್ಲ. ಕಣ್ಣು ಬಿಟ್ಟಾಗ ನಿನ್ನ ಮುಖ ಕಾಣಿಸ್ತು. ಅಪ್ಪ ಎಲ್ಲೇ ಅಂತ ಕೇಳಿದ್ದಕ್ಕೆ "ಇಲ್ಲೇ ಇದ್ದಾರೆ, ಈಗ ಹೊರಗೆ ಹೋದ್ರು" ಅಂದೆ. ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗುತ್ತೆ, ಚಿಕ್ಕೋಳಿದ್ದಾಗಿಂದ ನೋಡಿದ್ದೀನಿ. ಆವತ್ತೂ ಆಗಿತ್ತು. ನಾನು ಆಮೇಲೆ ಕೇಳಲಿಲ್ಲ, ನೀವಿಬ್ರೂ ಹೇಳಲಿಲ್ಲ. ನಿನಗೆ ಹೇಳಬೇಕು ಅನ್ನಿಸಿದ್ರೆ ನಂಗಲ್ಲ, ಅವರಿಗೆ ಹೇಳು.

ಬಾ ಅಂತ ನಾನು ಕರೆಯಲ್ಲ. ಬಂದ್ರೆ ಬಾಗಿಲು ತೆಗೆದೇ ಇದೆ.

ಅಮ್ಮ


ನವೆಂಬರ್ ೨

ಪುಟ್ಟಿ,

ಒಂದು ಚೀಟಿಯ ನಕಲನ್ನು ಕೆಳಗೆ ಬರೆದಿದ್ದೇನೆ. ಮೂಲಪ್ರತಿ ಸಮಿತಿಯ ಮುಂದಿದೆ.

"ಇವರಿಗೆ: ಗಣಿತ ಮೇಷ್ಟ್ರು. ಇವರಿಂದ: ಹುಡುಗಿಯ ತಂದೆ. ಮಾನ್ಯರೇ, ಕಳೆದ ವರ್ಷದ ಕೊನೆಯ ಟರ್ಮಿನಲ್ಲಿ ನನ್ನ ಮಗಳು ಅವಳ ತಾಯಿಯ ಆರೈಕೆಗೆ ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದದ್ದರಿಂದ ಹೋಮ್‌ವರ್ಕ್ ಒಪ್ಪಿಸಲು ಆಗಲಿಲ್ಲ. ಈ ವಿಷಯ ನನಗೆ ಗೊತ್ತಿತ್ತು. ಗಡುವಿನೊಳಗೆ ತಿಳಿಸದೇ ಇದ್ದದ್ದು ನನ್ನ ತಪ್ಪು, ಅವಳದಲ್ಲ. ಆದ್ದರಿಂದ ಅವಳಿಗೆ ವಿನಾಯಿತಿ ನೀಡಬೇಕೆಂದು ಕೋರುತ್ತೇನೆ."

ಸಮಿತಿಯ ಸಭೆಯಲ್ಲಿ ಇದನ್ನು ಎದ್ದು ನಿಂತು ಓದಿದೆ. ಗುಂಗುರುವಿನ ವಿಷಯವನ್ನೂ ಹೇಳಿದೆ. ಚೀಟಿ ಬರೆದುಕೊಡುವವರಿಲ್ಲದ ಮಗುವನ್ನು ನಾವೇ ಕರೆದು ಕೇಳಬೇಕು, ಹೋಮ್‌ವರ್ಕಿನಲ್ಲಿ ಬೇರೆಯಾಗಿ ಪಾಸಾಗಬೇಕೆನ್ನುವುದನ್ನು ತೆಗೆಯಬೇಕು ಅಂದೆ. ವಿಜ್ಞಾನದ ಮೇಷ್ಟ್ರು ಈ ಸಲ ನಗಲಿಲ್ಲ. ಹೆಡ್‌ಮೇಡಂ ಚೀಟಿಯನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ಗಡುವು ಮೀರಿದೆ ಮೇಷ್ಟ್ರೇ. ಆಮೇಲೆ ಬಂದದ್ದನ್ನು ಓದಲೂಬಾರದು ಅಂತ ಬರೆದಿರೋರು ನೀವೇ. ಇದನ್ನು ಒಪ್ಪಿದರೆ ನಾಳೆ ಬೆಳಿಗ್ಗೆ ಗೇಟಿನ ಮುಂದೆ ಎಷ್ಟು ಕಾರು ನಿಲ್ಲುತ್ತೆ, ಹೇಳಿ" ಅಂದರು. ನನ್ನ ಮಾತುಗಳನ್ನೇ ಒಂದೊಂದಾಗಿ ನನಗೆ ವಾಪಸು ಕೊಟ್ಟರು.

ಕೊನೆಗೆ ಒಪ್ಪಿದ್ದು ಇಷ್ಟು: ಮುಂದಿನ ವರ್ಷದಿಂದ ಬೇರೆಯಾಗಿ ಪಾಸಾಗುವುದು ಬೇಡ. ಈ ವರ್ಷ ಇದ್ದ ಹಾಗೇ ಇರುತ್ತದೆ. ಗುಂಗುರು ಈ ವರ್ಷದವಳು. ಎರಡನೇ ಟರ್ಮಿನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಏನೂ ಬರೆಯದೆ ಖಾಲಿ ಬಿಟ್ಟೆ. ಹೆಡ್‌ಮೇಡಂ ನನ್ನ ಕಣ್ಣೆದುರೇ ಆ ಜಾಗ ತುಂಬಿದರು. ಅವರ ಸೊನ್ನೆಗಿಂತ ನನ್ನ ಸೊನ್ನೆ ದುಂಡಗೆ ಬರುತ್ತಿತ್ತು ಎಂದು ಆ ಹೊತ್ತಿನಲ್ಲೂ ನನ್ನ ಹಾಳು ತಲೆಗೆ ಹೊಳೆಯಿತು. ಸಮಿತಿಗೆ ರಾಜೀನಾಮೆ ಕೊಟ್ಟಿದ್ದೇನೆ.

ನೀನು ಕೇಳಿದ ಒಂದೇ ಒಂದನ್ನು ಮಾಡಿಕೊಡಲಾಗಲಿಲ್ಲ. ಆದರೆ ಚೀಟಿ ಬರೆದೆ. ಇನ್ನಾದರೂ ಬರುತ್ತೀಯಾ?

ಅಪ್ಪ


ನವೆಂಬರ್ ೨೧

ಅಪ್ಪಾ,

ಚೀಟಿ ಓದಿದೆ. ಓದಿ ಅತ್ತೆ. ಚಿಕ್ಕಮ್ಮನಿಗೂ ಓದಿಸಿದೆ, ಅವಳೂ ಅತ್ತಳು. ಗಿರಾಕಿಯೊಬ್ಬರ ಅಂಗಿಯ ಮೇಲೆ ಕಣ್ಣೀರು ಬಿದ್ದು ಅದನ್ನು ಮತ್ತೆ ಇಸ್ತ್ರಿ ಮಾಡಬೇಕಾಯಿತು. ನೀವು ಸಭೆಯಲ್ಲಿ ಎದ್ದು ನಿಂತದ್ದನ್ನು ನೆನೆಸಿಕೊಂಡರೆ ನನಗೆ ಹೆಮ್ಮೆಯೂ ಆಗುತ್ತದೆ. ಸುಳ್ಳು ಹೇಳುತ್ತಿಲ್ಲ.

ಆದರೆ ಅಪ್ಪಾ, ತಪ್ಪು ಲೆಕ್ಕಕ್ಕೆ ಸರಿಯಾದ ಉತ್ತರ ಬರೆದಿದ್ದೀರಿ. ನಾನು ಕೊಟ್ಟ ಲೆಕ್ಕ ಇದಲ್ಲ. ನಾನೂ ಅದನ್ನು ಸರಿಯಾಗಿ ಬರೆದುಕೊಟ್ಟಿರಲಿಲ್ಲ, ಹಾಗಾಗಿ ಅರ್ಧ ತಪ್ಪು ನನ್ನದು. ಈಗ ಬರೆಯುತ್ತೇನೆ.

ಆಪರೇಷನ್ ಕೋಣೆಯ ಹೊರಗೆ ಒಂದು ಕಬ್ಬಿಣದ ಬೆಂಚಿತ್ತು. ಅಮ್ಮನನ್ನು ಒಳಗೆ ತಳ್ಳಿಕೊಂಡು ಹೋದಾಗ ನೀವು ಕೈಗಡಿಯಾರ ನೋಡಿಕೊಂಡಿರಿ. "ಹತ್ತನೇ ತರಗತಿಗೆ ರಿವಿಷನ್ ಇದೆ, ಮುಗಿಸಿ ಬಂದುಬಿಡ್ತೀನಿ" ಎಂದು ಹೋದಿರಿ. ನಾನೂ ಹತ್ತನೇ ತರಗತಿಯವಳೇ ಎಂದು ಹೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ನೀವು ಮೆಟ್ಟಿಲು ಇಳಿದಾಗಿತ್ತು. ಬಾಗಿಲು ತೆಗೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಒಮ್ಮೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬರು ಓಡಿಬಂದು "ಪೇಷಂಟ್ ಕಡೆಯೋರು ಯಾರಿದ್ದೀರಿ? ರಕ್ತ ಬೇಕು, ಬೇಗ" ಅಂದರು. "ನಾನಿದ್ದೀನಿ" ಅಂದೆ. "ದೊಡ್ಡೋರು ಯಾರಿಲ್ವೇನಮ್ಮಾ?" ಅಂದರು. ಸುತ್ತ ನೋಡಿದೆ. ಇರಲಿಲ್ಲ. ಚೀಟಿ ಹಿಡಿದು ಕೆಳಗಿನ ಮಹಡಿಗೆ ಓಡಿದೆ. ರಕ್ತದ ಚೀಲ ಬೆಚ್ಚಗಿರುತ್ತದೆ ಅಂದುಕೊಂಡಿದ್ದೆ. ತಣ್ಣಗಿತ್ತು. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ, ಅಮ್ಮ ಸತ್ತುಹೋದರೆ ಅದನ್ನು ನನಗೊಬ್ಬಳಿಗೇ ಹೇಳುತ್ತಾರೆ ಎಂದು ಹೊಳೆಯಿತು. ಅಲ್ಲೇ ಕೂತು, ಮತ್ತೆ ಎದ್ದು ಹೋದೆ.

ಸಂಜೆ ನೀವು ಬಂದಿರಿ, ಬಗಲಲ್ಲಿ ಉತ್ತರ ಪತ್ರಿಕೆಗಳ ಕಟ್ಟು. "ಹೇಗಿದ್ದಾಳೆ?" ಎಂದು ಕೇಳಿದಿರಿ. ಅದಾದ ಮೇಲೆ, "ಹೋಮ್‌ವರ್ಕ್ ಪುಸ್ತಕ ತಂದಿದ್ದೀಯಾ?" ಎಂದು ಕೇಳಿದಿರಿ.

ಹೋಮ್‌ವರ್ಕನ್ನು ಬೇಕೆಂದೇ ಮಾಡದೆ ಬಿಟ್ಟೆ ಅಪ್ಪಾ. ಪುಸ್ತಕ ಚೀಲದಲ್ಲೇ ಇತ್ತು. ಒಂದೊಂದು ದಿನವೂ ತೆಗೆದು ಮಾಡಬಹುದಿತ್ತು, ಅಮ್ಮ ಮಲಗಿರುತ್ತಿದ್ದಳು. ಮಾಡಲಿಲ್ಲ. ಆ ದಿನ ಆಸ್ಪತ್ರೆಯಲ್ಲಿ ಹಾಜರಿ ಕರೆದಿದ್ದರೆ ನಿಮಗೆ ಬೀಳಬೇಕಿದ್ದ ಸೊನ್ನೆಯನ್ನು ನಿಮ್ಮಿಂದಲೇ ನನ್ನ ಹೆಸರಿನ ಮುಂದೆ ಹಾಕಿಸಿದೆ. ನನಗೆ ಸೊನ್ನೆಯಿಂದ ನೋವಾಗಿಲ್ಲ. ನೋವಾದದ್ದು ಆ ಬೆಂಚಿನ ಮೇಲೆ.

ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದೇನೆ, ಇಲ್ಲಿಂದಲೇ. ಬರೆದದ್ದಕ್ಕಷ್ಟೇ ಅಂಕ. ಆದರೆ ಓದಲು ಕೂತರೆ ಕೈ ತಣ್ಣಗಾಗುತ್ತದೆ. ನೂರಾರು ಅಪರಿಚಿತರ ಮಧ್ಯೆ ಒಂದು ಮುಚ್ಚಿದ ಬಾಗಿಲಿನ ಒಳಗೆ ಹೋಗಿ ಕೂರಬೇಕು ಎನ್ನುವುದನ್ನು ನೆನೆಸಿಕೊಂಡು ಪುಸ್ತಕ ಮುಚ್ಚಿಡುತ್ತೇನೆ. ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ.

ಪುಟ್ಟಿ


ಡಿಸೆಂಬರ್ ೧೯

ಪುಟ್ಟಿ,

ನಿನ್ನ ಕಾಗದ ಜೇಬಿನಲ್ಲೇ ಇದೆ. ಅಮ್ಮನಿಗೆ ತೋರಿಸಿದೆ. ಅವಳು ನನ್ನ ಹತ್ತಿರ ಮಾತಾಡಿ ಒಂದು ವಾರವಾಯಿತು. ಯಂತ್ರದ ಸದ್ದು ಮಾತ್ರ ಕೇಳಿಸುತ್ತದೆ ಮನೆಯಲ್ಲಿ.

ಆ ದಿನ ತರಗತಿಯಲ್ಲಿ ನಾನು ಏನು ಪಾಠ ಮಾಡಿದೆ ಎಂದು ನೆನಪಿಲ್ಲ. ಬೋರ್ಡಿನ ಮೇಲೆ ಒಂದೇ ಲೆಕ್ಕವನ್ನು ಎರಡು ಸಲ ಬರೆದೆನಂತೆ. ಮಕ್ಕಳೂ ಎರಡು ಸಲ ಬರೆದುಕೊಂಡರಂತೆ, ಯಾರೂ ಕೇಳಲಿಲ್ಲ. ರಿವಿಷನ್ ಇತ್ತು ಎನ್ನುವುದು ನಿಜ. ಅದಕ್ಕಾಗಿ ಹೋದೆ ಎನ್ನುವುದು ಸುಳ್ಳು. ನನಗೆ ಹೆದರಿಕೆಯಾಗಿತ್ತು ಪುಟ್ಟಿ. ಶಾಲೆಯಲ್ಲಿ ಗಂಟೆ ಹೊಡೆದರೆ ಏನು ಮಾಡಬೇಕೆಂದು ನನಗೆ ಗೊತ್ತಿರುತ್ತದೆ. ಆ ಬಾಗಿಲ ಮುಂದೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅಲ್ಲಿ ಕೂರುವುದಷ್ಟೇ ಕೆಲಸ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನೈದು ವರ್ಷದ ನಿನಗೆ ಅದು ಹೇಗೆ ಗೊತ್ತಿತ್ತು?

ಇದಕ್ಕೆ ಯಾವ ಚೀಟಿ ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.

ಪರೀಕ್ಷೆಗೆ ಹೋಗು. ನನಗಾಗಿ ಅಲ್ಲ.

ಅಪ್ಪ


ಮಾರ್ಚ್ ೪

ಇವರಿಗೆ: ಗಣಿತ ಮೇಷ್ಟ್ರು
ಇವರಿಂದ: ಅವರ ಮಗಳು
ವಿಷಯ: ನಮ್ಮ ತಂದೆಯವರಿಗೆ ಒಂದು ದಿನದ ರಜೆ ಕೋರಿ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ಇದೇ ತಿಂಗಳ ೨೬ರಂದು ನನಗೆ ಗಣಿತ ಪರೀಕ್ಷೆ ಇದೆ. ಪರೀಕ್ಷಾ ಕೇಂದ್ರವನ್ನು ನೋಡಿಕೊಂಡು ಬಂದೆ. ಕೊಠಡಿಯ ಹೊರಗೆ ಉದ್ದದ ಪಡಸಾಲೆಯಿದೆ. ಅಲ್ಲೊಂದು ಬೆಂಚಿದೆ. ಇದು ಮರದ್ದು. ಒಂದು ಕಾಲು ಸ್ವಲ್ಪ ಅಲ್ಲಾಡುತ್ತದೆ, ಕಾಗದ ಮಡಿಸಿ ಕೊಟ್ಟರೆ ನಿಲ್ಲುತ್ತದೆ.

ನಾನು ಬರೆದು ಮುಗಿಸುವವರೆಗೆ ಅದರ ಮೇಲೆ ನನ್ನ ಕಡೆಯವರು ಒಬ್ಬರು ಕೂತಿರಬೇಕು. ಅವರು ನನಗೆ ಏನನ್ನೂ ಹೇಳಿಕೊಡಬೇಕಾಗಿಲ್ಲ, ಹೊರಗೆ ಬಂದ ಮೇಲೆ ಯಾವ ಪ್ರಶ್ನೆಗೆ ಏನು ಬರೆದೆ ಎಂದು ಕೇಳಲೂಬಾರದು. ಬಾಗಿಲು ತೆಗೆದಾಗ ಎದ್ದು ನಿಂತರೆ ಸಾಕು.

ಅದೇ ದಿನ ತಮ್ಮ ಶಾಲೆಯಲ್ಲೂ ಪರೀಕ್ಷೆಯಿದೆ, ತಮಗೆ ಕೊಠಡಿ ಮೇಲ್ವಿಚಾರಣೆ ಇದೆ ಎಂದು ನನಗೆ ಗೊತ್ತಿದೆ. ನಮ್ಮ ತಂದೆಯವರು ಶಾಲೆಗೆ ಇದುವರೆಗೆ ಒಂದು ದಿನವೂ ರಜೆ ಹಾಕಿದವರಲ್ಲ ಎಂಬುದೂ ಗೊತ್ತಿದೆ. ಆದ್ದರಿಂದಲೇ ತಮ್ಮನ್ನು ಕೇಳುತ್ತಿದ್ದೇನೆ. ದಯವಿಟ್ಟು ಅವರನ್ನು ಆ ದಿನ ಬಿಟ್ಟುಕೊಡಿ.

ಈ ಚೀಟಿ ಗಡುವಿಗೆ ಮೊದಲೇ ತಮ್ಮ ಕೈಸೇರುತ್ತಿದೆ ಎಂಬುದನ್ನು ಗಮನಿಸಬೇಕಾಗಿ ವಿನಂತಿ.

ತಮ್ಮ ವಿದ್ಯಾರ್ಥಿನಿ,
ಪುಟ್ಟಿ


ಮಾರ್ಚ್ ೧೦

ಕೂಸೇ,

ನಿನ್ನ ಚೀಟಿ ಬಂತು. ನಿಮ್ಮಪ್ಪ ನಿಂತ್ಕೊಂಡೇ ಓದಿದ್ರು. ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ್ರು. ನಾನು ಗುಂಡಿ ಹೊಲೀತಾ ಇದ್ದೆ.

ಗುಂಗುರು ಬಂದಿದ್ಲು, ಕೈಗೂಸನ್ನ ಸೊಂಟದಲ್ಲಿ ಇಟ್ಕೊಂಡು. ಹೋಮ್‌ವರ್ಕ್ ಸೊನ್ನೆ ಇರೋದ್ರಿಂದ ಪರೀಕ್ಷೆ ಬರೆದ್ರೂ ಫೇಲ್ ಅಂತ ಅದಕ್ಕೆ ಗೊತ್ತಿದೆ. "ಅಕ್ಕ ಖಾಸಗಿ ಕಟ್ಟಿದ್ದಾಳಂತಲ್ಲ ಆಂಟಿ, ಅದು ಹೇಗೆ ಕಟ್ಟೋದು?" ಅಂತ ಮೆಲ್ಲಗೆ ಕೇಳ್ತು. ನಿಮ್ಮಪ್ಪ ಒಳಗಿಂದ ಎದ್ದು ಬಂದು "ನನ್ನನ್ನ ಕೇಳಮ್ಮಾ" ಅಂದ್ರು. ಅದು ತಲೆ ಎತ್ತಿ ಇವರನ್ನ ನೋಡಲಿಲ್ಲ. ಇವರು ಮಗೂನ ಇಸ್ಕೊಂಡು ಎತ್ಕೊಂಡ್ರು. ಮಗು ಕಿರುಚಿ ಮನೆಯೆಲ್ಲ ಒಂದು ಮಾಡ್ತು. ಆದ್ರೂ ಕೆಳಗೆ ಬಿಡಲಿಲ್ಲ.

ಈಗ ಮೇಜಿನ ಮುಂದೆ ಕೂತಿದ್ದಾರೆ. ಹೆಡ್‌ಮೇಡಂಗೆ ರಜೆ ಅರ್ಜಿ ಬರೀಬೇಕಂತೆ. ಹೇಗೆ ಶುರು ಮಾಡೋದು ಅಂತ ಗೊತ್ತಾಗ್ತಿಲ್ಲ, ಪಾಪ, ಯಾವತ್ತಾದ್ರೂ ಬರೆದಿದ್ರೆ ತಾನೆ? ನಿನ್ನ ಚೀಟೀನ ಎಡಗಡೆ ಇಟ್ಕೊಂಡು, ಅದನ್ನೇ ನೋಡ್ಕೊಂಡು ಒಂದೊಂದು ಸಾಲಾಗಿ ಇಳಿಸ್ತಾ ಇದ್ದಾರೆ. ಜೀವಮಾನವೆಲ್ಲ ಮಕ್ಕಳ ಕಾಪಿ ಹಿಡಿದ ಮನುಷ್ಯ, ನಾನು ನೋಡಿದೆ ಅಂತ ಗೊತ್ತಾದ ತಕ್ಷಣ ಅಂಗೈಲಿ ಮುಚ್ಕೊಂಡ್ರು.

ನಾನು ಏನೂ ಕಾಣದೋಳ ಹಾಗೆ ಆ ಕಡೆ ತಿರುಗಿ ಕೂತೆ.

ಅಮ್ಮ